ಹಾಸಿಲ್ಲದ, ಹೊಕ್ಕಿಲ್ಲದ ಬಟ್ಟೆ

ಮೊನ್ನೆ ಬೇವೂರಿನ ಕುಡಿಯುವ ನೀರಿನ ಘಟಕದಲ್ಲಿ ನೀರು ಸೋಸುವ ಹಳೆಯ ಮೆಂಬ್ರೇನ್ ಹೊರಗೆಳೆದೆ. ಮೊಳಕ್ಕೂ ಉದ್ದನೆಯ ಬಿಳಿ ಸುರುಳಿ. ಕೊಯ್ದು ಬಿಡಿಸಿದರೆ ಮಡಚಿಟ್ಟ ಸೀರೆಯ ಹಾಗೆ ಪದರ ಪದರ. ಅದರೊಳಗಿನ ಹಸಿ ಸುಣ್ಣದಂಥ ವಾಸನೆ ಮೂಗಿಗೆ ಬಡಿಯಿತು. ಇಳಕಲ್ಲಿನ ಬಣ್ಣದ ಕಾಕಾ ನೆನಪಾದರು...

ಏಳನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಪೈಪು, ಪಂಪಿನ ಕೆಲಸ ಕೈಯಿಂದಲೇ ಕಲಿತೆ. ನಾನು ಕೂರಿಸಿದ ಯಂತ್ರ ಒಂದೂ ಸೋರಿಲ್ಲ, ಇದನ್ನು ಎದಿ ತಟ್ಟಿ ಹೇಳ್ತೇನಿ. ಕಾಕಾ ನೂಲಿಗೆ ಬಣ್ಣ ಹಾಕುವವರು. ಮೊಳಕೈವರೆಗೆ ಕೆಂಪು. ಅವರ ಶೆಡ್ಡಿನಿಂದ ಹೊರಹೋಗುವ ನೀರನ್ನು ಪರೀಕ್ಷೆ ಮಾಡಿಸಿದಾಗ ಕ್ರೋಮಿಯಂ ಎಂಬ ವಿಷದ ಲೋಹ ಇದೆ ಎಂದು ಬಂತು. ಶೆಡ್ಡಿನ ಹಿಂದೆಯೇ ಓಣಿಯವರೆಲ್ಲ ಕುಡಿಯುವ ಬಾವಿ. ಅದಕ್ಕಿನ್ನೂ ವಿಷ ಇಳಿದಿರಲಿಲ್ಲ. ಇಳಿಯುವುದರೊಳಗೆ ಏನಾದರೂ ಮಾಡು ಅಂತ ನನ್ನನ್ನು ಕರೆಸಿದರು.

ಸೋಸುವ ಯಂತ್ರ ಕೂರಿಸಿದೆ. ಪಂಪು ಒತ್ತಿ ತಳ್ಳಿದ ಕೆಂಪು ನೀರು ಮೆಂಬ್ರೇನ್ ದಾಟಿ ತಿಳಿಯಾಗಿ ಬಂತು. ಗ್ಲಾಸ್ ತುಂಬಿ ಬಿಸಿಲಿಗೆ ಹಿಡಿದೆ. ಕಾಕಾ ಗ್ಲಾಸ್ ನೋಡಲೇ ಇಲ್ಲ. ಯಂತ್ರದ ಸುತ್ತ ಎರಡು ಸಲ ತಿರುಗಿದರು.

"ಲೋಹ ನಿಂತು ನೀರಷ್ಟ ಬಂತು, ಖರೆ. ನಿಂತದ್ದು ಎಲ್ಲಿ ಹೋತಲೇ ತಮ್ಮ?"

ಇನ್ನೊಂದು ಪೈಪು ತೋರಿಸಿದೆ. ಲೋಹವನ್ನೆಲ್ಲ ಹೊತ್ತ ಗಾಢ ಬಣ್ಣದ ನೀರು ಅದರಿಂದ ಗಟಾರಕ್ಕೆ ಬೀಳುತ್ತಿತ್ತು. ಗಟಾರ ಹೋಗುವುದು ಬಾವಿಯ ಮಗ್ಗುಲಿನಿಂದಲೇ.

"ಮನಿ ಕಸಾ ಹೊಡದು ಮಂದಿ ಬಾಗಲಾಗ ಒಟ್ಟಿದಂಗಾತಲ್ಲೋ!"

"ಎಲ್ಲಾ ಕಡೆ ಹಿಂಗ ಬಿಡ್ತಾರ್ರಿ ಕಾಕಾ."

"ಎಲ್ಲಾ ಕಡೆ ನಮ್ಮ ಓಣಿ ಬಾವಿ ಐತೇನು?" ಎಂದವರೇ ಪಂಪು ಬಂದ್ ಮಾಡಿದರು. ಇದು ಸರಿಯಾಗೋವರೆಗೆ ಬಣ್ಣದ ಹಂಡೆಗೆ ಒಲೆ ಹಚ್ಚುವುದಿಲ್ಲ ಎಂದರು. ಅತ್ತ ನೇಕಾರರು ನೂಲಿಗೆ ಕಾಯುತ್ತಿದ್ದರು.

ಸಿಟ್ಟಿನಿಂದ ಬಸ್ ಹತ್ತಿದೆ. ಅಮೀನಗಡ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು, ಪ್ರಶ್ನೆ ಇಳಿದಿರಲಿಲ್ಲ. ಅಲ್ಲೇ ಇಳಿದು ತಿರುಗಿ ಇಳಕಲ್ ಬಸ್ ಹಿಡಿದೆ, ಕೈಯಲ್ಲಿ ಕರದಂಟಿನ ಪೊಟ್ಟಣ. ತಪ್ಪಾಯಿತು ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಕಾಕಾ ಪೊಟ್ಟಣ ನೋಡಿ, "ಸಿಹಿ ಆಮ್ಯಾಲೆ. ಮೊದಲ ಸಲಿಕಿ ತಗೋ," ಎಂದರು.

ಹಿತ್ತಲಲ್ಲಿ ತೊಟ್ಟಿ ಕಟ್ಟಿ, ದಪ್ಪ ಪ್ಲಾಸ್ಟಿಕ್ ಹಾಸಿ, ಆ ನೀರನ್ನು ಬಿಸಿಲಿಗೆ ಒಣಗಿಸಿದೆವು. ತಳದಲ್ಲಿ ಉಳಿದದ್ದು ಮುಚ್ಚಳದ ಡ್ರಮ್ಮಿಗೆ, ಡ್ರಮ್ಮು ವಿಷದ ಕಸ ಒಯ್ಯುವ ಗಾಡಿಗೆ. ಆಮೇಲಷ್ಟೇ ಒಲೆ ಹತ್ತಿತು.

ಮೊದಲ ಮೆಂಬ್ರೇನ್ ಸವೆದಾಗ ಕಾಕಾ ಅದನ್ನು ಎಸೆಯಲು ಬಿಡಲಿಲ್ಲ. ಬಿಡಿಸಿ ತೊಡೆಯ ಮೇಲೆ ಹರವಿ, ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದರು.

"ಹಾಸಿಲ್ಲ, ಹೊಕ್ಕಿಲ್ಲ. ಉದ್ದಕ್ಕ, ಅಡ್ಡಕ್ಕ ಒಂದೂ ನೂಲ ಇಲ್ಲದ್ದು ಇದೆಂಥಾ ಬಟ್ಟಿಲೇ?"

"ತೂತು ಅದಾವ್ರಿ ಕಾಕಾ. ಕಣ್ಣಿಗೆ ಕಾಣಂಗಿಲ್ಲ."

"ಕಾಣದ ವಿಷಕ್ಕ ಕಾಣದ ತೂತು!" ಎಂದು ನಕ್ಕರು. ಆ ಹೊತ್ತು ಅವರ ಮುಖ...

ಕಾಕಾ ತೀರಿಹೋದ ಸುದ್ದಿ ತಿಳಿದು ಇಳಕಲ್ಲಿಗೆ ಹೋದೆ. ಬಾವಿಯಲ್ಲಿ ಹೆಣ್ಣುಮಕ್ಕಳು ನೀರು ಸೇದುತ್ತಿದ್ದರು. ಒಬ್ಬಾಕಿ ಚರಿಗೆ ತುಂಬ ಕೊಟ್ಟಳು. ನೀರು ಹೇಗಿದೆ ಎಂದು ಕೇಳದೆ ಕುಡಿದೆ.

ಬೇವೂರಿನಲ್ಲಿ ಆ ಹಾಳೆಯನ್ನು ಬೆರಳಲ್ಲಿ ಉಜ್ಜುತ್ತ ಕುಳಿತೇ ಇದ್ದೆ. ಇದು ಹೊಸ ನಮೂನೆಯದು, ಇನ್ನೂ ತೆಳ್ಳಗೈತಿ ನೋಡ್ರಿ ಕಾಕಾ, ಅನ್ನಬೇಕೆನ್ನಿಸಿತು. ಮುಟ್ಟಿ ನೋಡುವವರು ಇರಲಿಲ್ಲ.