ಮನೆದೇವರು ಕೇಳುವ ಸಾಹೇಬರು

ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ಕದಿರೇಶ್ ಸಾಹೇಬರು ಕುರ್ಚಿಯ ಮೇಲೆ ಮುಳ್ಳು ಹಾಸಿದೆಯೇನೋ ಎಂಬಂತೆ ಕೂರುತ್ತಾರೆ, ಏಳುತ್ತಾರೆ, ಕಿಟಕಿಗೆ ಹೋಗಿ ಬರುತ್ತಾರೆ. ಟಿಕ್ ಟಿಕ್ ಎಂದು ಒತ್ತಿ ಒತ್ತಿ ಸಂಜೆಯೊಳಗೆ ಒಂದು ಪೆನ್ನನ್ನಾದರೂ ಕೊಂದಿರುತ್ತಾರೆ. ಜಾತಿ, ಧರ್ಮ ನೋಡಿ ಕೆಲಸ ಕೊಡುವುದು ಕಾನೂನಿಗೆ ವಿರುದ್ಧ ಎಂಬ ಬೋರ್ಡನ್ನು ಬೆನ್ನ ಹಿಂದೆ ತಾವೇ ಮೊಳೆ ಹೊಡೆದು ತೂಗುಹಾಕಿದ್ದಾರೆ. "ನಾನು ಜಾತಿ ಕೇಳೋನೇ ಅಲ್ಲಪ್ಪ" ಎನ್ನುತ್ತಾರೆ, ಎಂದವರೇ, "ಊರಲ್ಲಿ ಮನೆ ಯಾವ ಕಡೆ? ಮನೆದೇವ್ರು ಯಾವ್ದು?" ಎಂದು ಕೇಳುತ್ತಾರೆ. ಕನ್ನಡದಲ್ಲಿ ತಡವರಿಸಿದವರಿಗೆ ಅದನ್ನೇ ತೆಲುಗಿನಲ್ಲಿ ಕೇಳುತ್ತಾರೆ. ಜುಬೇರ್, ಬಿಲಾಲ್ ಎಂಬ ಹೆಸರು ಕಿವಿಗೆ ಬಿದ್ದರೆ ಆ ಶ್ರಮವೂ ಇಲ್ಲ, "ಫೋನ್ ಮಾಡ್ತೀವಿ, ಹೋಗಪ್ಪ" ಅಷ್ಟೇ. ಮೊನ್ನೆ ಟೇಕಲ್ಲಿನಿಂದ ಬಂದ ಗಂಗಾಲಕ್ಷ್ಮಿ ಎಂಬ ಹುಡುಗಿ ಮಾತ್ರ, "ನಿಮ್ದ್ಯಾವ್ದು ಸಾರ್?" ಎಂದು ತಿರುಗಿ ಕೇಳಿಬಿಟ್ಟಳು. ಪೆನ್ನು ನಿಂತಿತು. "ತಿರುಪತಿ ತಿಮ್ಮಪ್ಪ" ಎಂದರು ಸಾಹೇಬರು, ತಾವು ಕೆಲಸ ಕೇಳಲು ಬಂದಾಗ ಇದೇ ಕುರ್ಚಿಯಲ್ಲಿ ಕೂತಿದ್ದವರಿಗೆ ಹೇಳಿದ ಹಾಗೆಯೇ. ಸಾಹೇಬರ ಹುಟ್ಟೂರಿನಾಚೆಯ ಕಾಲೋನಿಯಲ್ಲಿ ಅವರ ತಾಯಿ ಚಿಕ್ಕಗಂಗಮ್ಮ ಪ್ರತಿ ಮಂಗಳವಾರ ಬೇವಿನ ಮರದಡಿಯ ಮನೆದೇವರು ಮಾರಮ್ಮನಿಗೆ ದೀಪ ಹಚ್ಚಿ, "ನನ್ ಮಗನ ಕೆಲ್ಸ ಕಾಪಾಡು ತಾಯಿ" ಎಂದು ಕೈಮುಗಿಯುತ್ತಾರೆ.