ಪೆಟ್ಟಿಗೆಯ ಎತ್ತರ ಮತ್ತು ಅಮ್ಮ ಹತ್ತದ ರೈಲು

2005ರ ಜುಲೈ 2, ಶನಿವಾರ. ಆಧಾರ: ಆ ಸಂಜೆ ನಾನು ತಂಗಿಯ ಗಂಡನಿಗೆ ಕಳಿಸಿದ ಇ-ಮೇಲ್. ವಾರವನ್ನು ಆ ವರ್ಷದ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡಿದ್ದೇನೆ, ತಾಳೆಯಾಗುತ್ತದೆ. ಇ-ಮೇಲಿನಲ್ಲಿರುವುದು ಒಂದು ಕೂಡುವ ಲೆಕ್ಕ: ಕಾರಿನ ಎತ್ತರ, ಅದರ ಛಾವಣಿಯ ಮೇಲೆ ಬಿಗಿಯುವ ಸಾಮಾನಿನ ಪೆಟ್ಟಿಗೆಯ ಎತ್ತರ, ಎರಡರ ಮೊತ್ತ. ಕೆಳಗೆ, ‘ರೈಲಿನವರ ಮಿತಿಗಿಂತ ಎರಡು ಅಂಗುಲ ಕಡಿಮೆಯೇ ಇದೆ, ಯೋಚನೆ ಬೇಡ’ ಎಂಬ ಸಾಲು. ಮಿತಿ ಎಷ್ಟಿತ್ತೆಂದು ನಾನು ಬರೆದಿಲ್ಲ. ಈಗ ಊಹಿಸಿ ಬರೆಯಲಾರೆ.

ಆ ರೈಲು ನಮ್ಮ ಸಿಯಾಟಲ್ ಕಡೆಯದಲ್ಲ. ದೇಶದ ಇನ್ನೊಂದು ತುದಿಯಲ್ಲಿ, ವರ್ಜೀನಿಯಾದಿಂದ ಫ್ಲಾರಿಡಾಕ್ಕೆ, ಪ್ರಯಾಣಿಕರನ್ನೂ ಅವರ ಕಾರುಗಳನ್ನೂ ಒಟ್ಟಿಗೆ ಒಯ್ಯುವ ರೈಲು. ಕಾರುಗಳನ್ನು ಮುಚ್ಚಿದ ಬೋಗಿಗಳಿಗೆ ಏರಿಸುವುದರಿಂದ ಅವುಗಳ ಎತ್ತರಕ್ಕೆ ಮಿತಿಯಿತ್ತು. ತಂಗಿಯ ಗಂಡನಿಗೆ ಫ್ಲಾರಿಡಾದಲ್ಲಿ ಕೆಲಸ ಸಿಕ್ಕಿತ್ತು. ಅವರಿಬ್ಬರು ಸಿಯಾಟಲ್ ಪಕ್ಕದ ಬೆಲ್ವ್ಯೂದ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಕಾರಿನಲ್ಲಿ ಹೊರಡುವವರಿದ್ದರು. ಮೈಸೂರಿನಿಂದ ಬಂದು ಇಸ್ಸಾಕ್ವಾದ ನಮ್ಮ ಮನೆಯಲ್ಲಿದ್ದ ಅಮ್ಮನೂ ಅವರ ಜೊತೆ ಹೋಗಬೇಕೆಂದು ಹಟ ಹಿಡಿದಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಎರಡೂ ಮಂಡಿ ಸವೆದಿದ್ದವು. ನಾನು ಒಪ್ಪಲಿಲ್ಲ. ಅವಳು ವಿಮಾನದಲ್ಲಿ, ರೈಲು ಹೊರಡುವ ಊರಿಗೆ ಹತ್ತಿರದ ವಾಷಿಂಗ್ಟನ್ ನಗರಕ್ಕೆ ಹೋಗುವುದು, ಅಲ್ಲಿ ಅವರು ಅವಳನ್ನು ಕೂಡಿಕೊಳ್ಳುವುದು, ಉಳಿದ ದಾರಿಯನ್ನು ಮೂವರೂ ಕಾರಿನ ಸಮೇತ ಈ ರೈಲಿನಲ್ಲಿ ಮಲಗಿ ಕಳೆಯುವುದು: ಏರ್ಪಾಡು ಪೂರ್ತಿ ನನ್ನದು. ನಮ್ಮಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅಮ್ಮನಿಗೆ ಅಮೆರಿಕದ ರೈಲಿನಲ್ಲಿ ಒಂದು ರಾತ್ರಿ ಕೊಡಿಸಬೇಕೆಂಬ ಆಸೆ ನನ್ನಲ್ಲಿ ಎಷ್ಟು ಬಲವಾಗಿತ್ತೆಂದರೆ, ಅದು ಅವಳ ಆಸೆಯೇ ಎಂದು ನಾನು ನಂಬಿಬಿಟ್ಟಿದ್ದೆ.

ಆ ಶನಿವಾರ ಇಳಿಜಾರಿನ ನಮ್ಮ ಡ್ರೈವ್‌ವೇಯಲ್ಲಿ ಕಾರು ನಿಂತಿತ್ತು. ಪೆಟ್ಟಿಗೆ ನಮ್ಮದು; ಕ್ಯಾಂಪಿಂಗಿಗೆಂದು ಕೊಂಡದ್ದು. ಛಾವಣಿಗೆ ಎರಡು ಅಡ್ಡಪಟ್ಟಿ ಬಿಗಿದು ಅವುಗಳ ಮೇಲೆ ಅದನ್ನು ಕೂರಿಸಿದ್ದಾಗಿತ್ತು. ಅಮ್ಮ ಗರಾಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ನಾರು ತೆಗೆಯುತ್ತ ಉಸ್ತುವಾರಿ ನಡೆಸಿದ್ದಳು.

ತಂಗಿಯ ಗಂಡ ಕೈಯಲ್ಲಿ ಅಳತೆ ಟೇಪು ಹಿಡಿದು ಬಂದ. “ಅತ್ತಿಗೆ, ಒಂದ್ಸಲ ಅಳೆದೇ ನೋಡ್ಬಿಡೋಣ್ವಾ? ಈ ಅಡ್ಡಪಟ್ಟಿ ಬೇರೆ ಇದೆಯಲ್ಲ.”

“ಕಾರಿನ ಪುಸ್ತಕದಲ್ಲಿ ಎತ್ತರ ಕೊಟ್ಟಿದಾರೆ. ಪೆಟ್ಟಿಗೇದು ಕ್ಯಾಟಲಾಗ್‌ನಲ್ಲಿದೆ. ಎರಡೂ ನೋಡಿದೀನಿ,” ಎಂದೆ.

“ಪುಸ್ತಕದಲ್ಲಿ ಪಟ್ಟಿ ಸೇರಿಸಿ ಕೊಟ್ಟಿದಾರಾ?”

“ಸೇರಿಸಿಯೇ ಇರತ್ತೆ.”

“ಇರತ್ತೆ ಅಂದ್ರೆ, ಇದೆಯಾ?”

“ನಿಮ್ಮ ಸಾಫ್ಟ್‌ವೇರಿನವರಿಗೆ ಅಚ್ಚಾಗಿರೋದನ್ನ ಓದೋ ಅಭ್ಯಾಸಾನೇ ಇಲ್ಲ. ಟೇಪ್ ಒಳಗಿಡಪ್ಪ.”

ಅಮ್ಮ ತಲೆಯೆತ್ತದೆ ಹೇಳಿದಳು. “ಮೀನಿನ ಕಿವಿ ನೋಡಿ ಅದರ ವಯಸ್ಸು ಹೇಳೋಳು ಕಣಪ್ಪ ಅವಳು. ನಿನ್ನ ಕಾರು ಯಾವ ಲೆಕ್ಕ!”

ಮೂವರೂ ನಕ್ಕೆವು. ನನ್ನ ಕಸುಬೇ ಅದಾಗಿತ್ತು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಪ್ರಯೋಗಶಾಲೆಯಲ್ಲಿ, ಮೀನಿನ ಕಿವಿಯೊಳಗಿನ ಸಣ್ಣ ಕಲ್ಲನ್ನು ಸೀಳಿ, ಅದರಲ್ಲಿ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಎಣಿಸುವುದು. ಅಲ್ಲಿ ಪ್ರತಿ ಕಲ್ಲನ್ನೂ ಇಬ್ಬರು ಬೇರೆಬೇರೆಯಾಗಿ ಎಣಿಸದ ಹೊರತು ಅಂಕಿಯನ್ನು ಒಪ್ಪುತ್ತಿರಲಿಲ್ಲ. ಮನೆಯ ಅಂಗಳದಲ್ಲಿ ನಾನೊಬ್ಬಳೇ ಸಾಕೆಂದು ಹೇಗೆ ಅನ್ನಿಸಿತೋ ತಿಳಿಯದು.

ನಗು ನಿಂತ ಮೇಲೆ ಅಮ್ಮ, “ಅಲ್ವೇ, ನಾನೂ ಇವರ ಜೊತೆ ಇಲ್ಲಿಂದಲೇ ಕಾರಲ್ಲಿ ಹೋದ್ರೆ ಏನಾಗತ್ತೆ? ದಾರಿಯುದ್ದಕ್ಕೂ ಮಾತಾಡ್ಕೊಂಡು ಹೋಗ್ಬಹುದು. ಬೇಕಾದ ಕಡೆ ನಿಲ್ಲಿಸ್ಬಹುದು,” ಎಂದಳು.

“ನಿನ್ನ ಮಂಡಿ?”

“ಮಂಡಿ ನಂದು ತಾನೆ?”

“ರೈಲಲ್ಲಿ ಆರಾಮವಾಗಿ ಮಲಗಿ ಹೋಗ್ಬಹುದಮ್ಮ. ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡೋರು.”

“ರೈಲು ನಿಮ್ಮಪ್ಪನಿಗೆ ಖುಷಿ. ನನಗೆ ಬರೀ ಅದರ ಸದ್ದು. ಕ್ವಾರ್ಟರ್ಸಿನಲ್ಲಿ ಒಂದು ರಾತ್ರೀನೂ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ಗೂಡ್ಸು ಬಂದ್ರೆ ಮಂಚ ಹಂದಾಡೋದು.”

ಇದನ್ನೂ ತಮಾಷೆಯೆಂದೇ ತಿಳಿದೆ. ಟಿಕೆಟ್ ಆಗಲೇ ಕಾಯ್ದಿರಿಸಿದ್ದೆ.

ಮರುದಿನ ಭಾನುವಾರ ತಂಗಿ, ಅವಳ ಗಂಡ ಹೊರಟರು. ಅಮ್ಮನ ಸೂಟ್‌ಕೇಸು, ಹಪ್ಪಳದ ಡಬ್ಬ, ಸಾರಿನ ಪುಡಿ, ದೇವರ ಪೆಟ್ಟಿಗೆ ಎಲ್ಲವೂ ಛಾವಣಿಯ ಪೆಟ್ಟಿಗೆಯಲ್ಲಿದ್ದವು. ಅಮ್ಮನನ್ನು ನಾನು ವಿಮಾನ ಹತ್ತಿಸಿದ ದಿನಾಂಕಕ್ಕೆ ಆಧಾರ ಸಿಕ್ಕಿಲ್ಲ. ಆ ವಾರದ ಕೊನೆಗೆ ಇರಬೇಕು. ಗಾಲಿಕುರ್ಚಿಯಲ್ಲಿ ಕುಳಿತು, ತಳ್ಳುವವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತ ಹೋದದ್ದು ಮಾತ್ರ ಚೆನ್ನಾಗಿ ನೆನಪಿದೆ.

ರೈಲಿನ ದಿನ ಜುಲೈ 12, ಮಂಗಳವಾರ. ಇದಕ್ಕೆ ಕಾಯ್ದಿರಿಸಿದ ಟಿಕೆಟಿನ ಪ್ರತಿಯಿದೆ. ನಾನು ಪ್ರಯೋಗಶಾಲೆಯಲ್ಲಿದ್ದಾಗ ತಂಗಿಯ ಫೋನ್ ಬಂತು.

“ಅಕ್ಕ, ಬೇಜಾರು ಮಾಡ್ಕೋಬೇಡ. ಕಾರು ತಗೊಳ್ಳಲ್ಲ ಅಂದ್ರು. ಪೆಟ್ಟಿಗೆ ಎತ್ತರ ಆಯ್ತಂತೆ.”

“ಎಷ್ಟು ಜಾಸ್ತಿ?”

“ಎಷ್ಟೋ. ಆ ಅಡ್ಡಪಟ್ಟಿ ಲೆಕ್ಕಕ್ಕೆ ಬಂದಿಲ್ಲ ಅನ್ಸತ್ತೆ.”

“ಪೆಟ್ಟಿಗೆ ಬಿಚ್ಚಿ ಅಲ್ಲೇ ಬಿಟ್ಟುಬಿಡ್ರೇ. ಅದು ಹೋದ್ರೆ ಹೋಗ್ಲಿ.”

“ಅಮ್ಮನ ಸಾಮಾನೆಲ್ಲ ಅದರಲ್ಲೇ ಇದೆ. ದೇವರನ್ನ ಪ್ಲಾಟ್‌ಫಾರ್ಮಲ್ಲಿ ಬಿಟ್ಟು ಬರ್ಲಾ?”

“ಅಮ್ಮನಿಗೆ ಕೊಡು ಫೋನು.”

“ಆಗಲೇ ಕಾರಲ್ಲಿ ಕೂತಾಯ್ತು. ಹೊರಟ್ವಿ ಅಕ್ಕ. ಊರು ಸೇರಿ ಮಾಡ್ತೀನಿ.”

ಆ ಮಧ್ಯಾಹ್ನ ನಾನು ಒಂದು ಕಲ್ಲನ್ನೂ ಎಣಿಸಲಿಲ್ಲ. ಮನೆಗೆ ಬಂದವಳೇ, ಅವರು ನಮ್ಮಲ್ಲೇ ಮರೆತುಹೋಗಿದ್ದ ಕಾರಿನ ಪುಸ್ತಕ ತೆಗೆದು ನೋಡಿದೆ. ಕಾರಿನ ಎತ್ತರ ಅಡ್ಡಪಟ್ಟಿಯನ್ನು ಒಳಗೊಂಡದ್ದೋ ಅಲ್ಲವೋ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಒಳಗೊಂಡಿರದಿದ್ದರೆ ನನ್ನ ಎರಡು ಅಂಗುಲ ಕರಗಿಹೋಗಿ ಅಳತೆ ಮಿತಿಯನ್ನು ದಾಟುತ್ತಿತ್ತು. ಕಾರಂತೂ ಅಂಗಳದಿಂದ ಹೋಗಿಯಾಗಿತ್ತು. ಅಳೆಯಲು ಏನೂ ಉಳಿದಿರಲಿಲ್ಲ.

ಅವರು ದಾರಿಯಲ್ಲಿ ಮೋಟೆಲುಗಳಲ್ಲಿ ಉಳಿದುಕೊಂಡು ಫ್ಲಾರಿಡಾ ಸೇರಿದರು. ತಲುಪಿದಾಗ ಅಮ್ಮನ ಪಾದಗಳು ಬಾತು ಚಪ್ಪಲಿ ಹೋಗುತ್ತಿರಲಿಲ್ಲವೆಂದು ತಂಗಿ ಮಾತಿನ ನಡುವೆ ಬಾಯಿಬಿಟ್ಟಳು. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಾಳೆ ಎಂದಳು. ನಾನು ಫೋನಿನಲ್ಲೇ ಅಮ್ಮನ ಕ್ಷಮೆ ಕೇಳಿದೆ. ಅವಳು ಜಾರ್ಜಿಯಾದಲ್ಲಿ ರಸ್ತೆ ಬದಿ ಕೊಂಡ ಪೀಚ್ ಹಣ್ಣಿನ ವಿಷಯ ತೆಗೆದಳು. ಒಂದು ಮೋಟೆಲಿನಲ್ಲಿ ಸ್ನಾನಕ್ಕೆ ಬಕೆಟ್ಟು ಕೇಳಿದ್ದಕ್ಕೆ ಐಸಿನ ಡಬ್ಬ ತಂದುಕೊಟ್ಟರಂತೆ. ಅದನ್ನು ಹೇಳಿ ಬಿದ್ದು ಬಿದ್ದು ನಕ್ಕಳು. ಮೈಸೂರಿಗೆ ಮರಳಿದ ಮೇಲೂ ಮನೆಗೆ ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಈ ಪ್ರಯಾಣದ ಕಥೆ. ನನ್ನ ಮನೆಯಲ್ಲಿ ಕಳೆದ ತಿಂಗಳುಗಳದಲ್ಲ. ಅದೆಲ್ಲ ನನ್ನ ಮನಸ್ಸು ನೋಯದಿರಲೆಂದು ಹೇಳುವ ಮಾತು ಎಂದುಕೊಂಡೆ. ಅವಳು ನಕ್ಕಷ್ಟೂ ನನಗೆ ಸಂಕಟವಾಗುತ್ತಿತ್ತು. 2008ರಲ್ಲಿ ಅಮ್ಮ ತೀರಿಕೊಂಡಳು. ಅಮೆರಿಕದ ರೈಲು ಹತ್ತದೆಯೇ ಹೋದಳಲ್ಲ, ಒಂದು ಟೇಪು ಬಿಚ್ಚಲು ನಾನು ಬಿಡದಿದ್ದುದರಿಂದ, ಎಂಬುದು ಅವಳ ವೈಕುಂಠ ಸಮಾರಾಧನೆಯ ಊಟದ ಎಲೆಯ ಮುಂದೆಯೂ ನನ್ನನ್ನು ಬಿಡಲಿಲ್ಲ.

ಈ ಬರಹಕ್ಕೆಂದು ದಿನಾಂಕಗಳನ್ನು ತಾಳೆ ನೋಡುವಾಗ ತಂಗಿಗೆ ಫೋನ್ ಮಾಡಿ, ಸ್ಟೇಷನ್ನಿನವರು ಎಷ್ಟು ಅಂಗುಲ ಜಾಸ್ತಿಯೆಂದರು ಎಂದು ಮತ್ತೆ ಕೇಳಿದೆ.

“ಇನ್ನೂ ಅದೇನಾ ಅಕ್ಕ? ನಿವೃತ್ತಿ ಆದ್ರೂ ನಿನ್ನ ಎಣಿಕೆ ನಿಲ್ಲಲ್ವಲ್ಲ.”

“ಎಷ್ಟು ಅಂದ್ರು, ಅಷ್ಟು ಹೇಳು.”

“ಎತ್ತರ ಜಾಸ್ತಿ ಅಂದ್ರು. ಅಷ್ಟೇ. ಅಮ್ಮ ಖುಷಿಯಾಗಿದ್ಲು, ಸಾಕಲ್ವಾ?”

ದಿನಾಂಕದ ಖಾತ್ರಿಗಾದರೂ ಆಗಲಿ, ಆ ಪ್ರವಾಸದ ಫೋಟೋಗಳಿದ್ದರೆ ಕಳಿಸು ಎಂದು ಅವಳ ಗಂಡನನ್ನು ಕೇಳಿಕೊಂಡೆ. ಆತ ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿದ್ದ ಚಿತ್ರಗಳನ್ನೆಲ್ಲ, ಬಹುಶಃ ನೋಡದೆಯೇ, ಕಳಿಸಿಬಿಟ್ಟ.

ಒಂದರ ಮೂಲೆಯಲ್ಲಿ 2005ರ ಜುಲೈ 12 ಎಂದು ಮೂಡಿದೆ. ಹಿಂದೆ ರೈಲು ನಿಂತಿದೆ. ಮುಂದೆ ನಮ್ಮ ಪೆಟ್ಟಿಗೆ ಹೊತ್ತ ಕಾರು. ಅಮ್ಮ ಅದರ ಮುಂದಿನ ಆಸನದಲ್ಲಿ ಕುಳಿತು, ಕಾಲುಗಳನ್ನು ಇನ್ನೂ ಹೊರಗಿಟ್ಟುಕೊಂಡು, ತಂಗಿಗೆ ಬೇಗ ಬಾ ಎನ್ನುವಂತೆ ಕೈ ಬೀಸುತ್ತಿದ್ದಾಳೆ. ತೆರೆದ ಬಾಗಿಲ ಮೇಲೆ ದೊಡ್ಡ ಅಂಕಿಯ ಒಂದು ಕಾಗದ ಅಂಟಿಸಿದೆ. ಆ ಅಂಕಿಯನ್ನು ಯಾವಾಗ ಅಂಟಿಸುತ್ತಾರೆಂದು ನನಗೆ ಗೊತ್ತಿತ್ತು. ಟಿಕೆಟ್ ಕಾಯ್ದಿರಿಸುವಾಗ ಓದಿದ್ದ ಸೂಚನೆಗಳಲ್ಲಿ ಅದು ಸ್ಪಷ್ಟವಾಗಿತ್ತು: ಎತ್ತರವನ್ನು ಅಳೆದು, ರೈಲಿಗೆ ಏರಿಸಬಹುದೆಂದು ಒಪ್ಪಿದ ಕಾರುಗಳಿಗೆ ಮಾತ್ರ.

ಟಿಪ್ಪಣಿ: ಪೆಟ್ಟಿಗೆಯ ಎತ್ತರದಿಂದಾಗಿ ಕಾರನ್ನು ನಿರಾಕರಿಸಿದರೆಂದು ನಾನು ಮೇಲೆ ಬರೆದಿರುವುದಕ್ಕೆ ಈ ಚಿತ್ರ ವಿರುದ್ಧವಾಗಿದೆ. ಕಾರು ಅಳತೆಯಲ್ಲಿ ಒಪ್ಪಿತವಾಗಿತ್ತು. ಬೇಡವೆಂದವಳು ಅಮ್ಮ ಇರಬೇಕು. ಅದನ್ನು ನನಗೆ ಹೇಳಲು ಮೂವರಲ್ಲಿ ಯಾರಿಗೂ ಧೈರ್ಯವಾಗಿಲ್ಲ.