ನಾಲ್ಕು ಮೂಲೆಯ ಅರಿಶಿನ

ಮೊನ್ನೆ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ತರಕಾರಿ ಸಾಲಿನಲ್ಲಿ ನಿಂತು ಕೊತ್ತಂಬರಿ ಕಟ್ಟನ್ನು ಮೂಸುತ್ತಿದ್ದೆ. ಮೂಸದೆ ತಂದರೆ ಮನೆಯಲ್ಲಿ ಮಂಗಳಾರತಿ ಆಗುತ್ತದೆ. ಮೂಸಿ ತಂದರೂ ಆಗುತ್ತದೆ, ಆ ಮಾತು ಬೇರೆ. ಅಷ್ಟರಲ್ಲಿ ಪಕ್ಕದಲ್ಲೊಂದು ದನಿ: "ಅಕ್ಕ, ನಿನ್ನೆ ಹತ್ತು ಅಂದ್ರಿ, ಇವತ್ತು ಹದಿನೈದಾ? ಒಂದೇ ದಿನದಲ್ಲಿ ಕೊತ್ತಂಬರಿ ಡಿಗ್ರಿ ಪಾಸಾಯ್ತಾ?" ತಿರುಗಿ ನೋಡಿದರೆ ಆಫ್ರಿಕಾದ ಹುಡುಗ. ಆರಡಿ ಎತ್ತರ, ಬೆನ್ನಿಗೆ ಕಾಲೇಜಿನ ಚೀಲ. ತರಕಾರಿಯಾಕೆ "ತಗೊಂಡ್ ಹೋಗಪ್ಪ, ಬೆಳಗ್ಗೆ ಬೆಳಗ್ಗೆ ನಿನ್ ಜೊತೆ ಆಗಲ್ಲ" ಎಂದು ಕೊಟ್ಟೇಬಿಟ್ಟಳು. ಇಪ್ಪತ್ತು ವರ್ಷದಿಂದ ಗಿರಾಕಿಯಾದ ನನಗೆ ಮಾತ್ರ ಹದಿನೈದೇ.

ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ದನಿ ಕೇಳಿದ್ದೇ ನನ್ನ ಮನಸ್ಸು ಕೊತ್ತಂಬರಿ ಬಿಟ್ಟು ಅರವತ್ತು ವರ್ಷ ಹಿಂದಕ್ಕೆ ಓಡಿತು. ಇಂಥದೇ ಗಟ್ಟಿ ದನಿಯೊಂದು ಆಗ ನಮ್ಮ ಮನೆಯ ಜಗಲಿಯಲ್ಲಿ ಕೂತು ಕಾಗುಣಿತ ಒಪ್ಪಿಸುತ್ತಿತ್ತು.

ಜಯನಗರ ಆಗ ಇನ್ನೂ ಹೊಸ ಬಡಾವಣೆ. ನಮ್ಮ ಮನೆಯ ಹಿಂದೆ ನಾಲ್ಕು ಖಾಲಿ ಸೈಟು, ಅದರಾಚೆ ರಾಗಿ ಹೊಲ. ಕಾಲೇಜುಗಳಲ್ಲೂ ಎಲ್ಲ ಹೊಸದೇ. ಎರಡು ವರ್ಷದ ಇಂಟರ್‌ಮೀಡಿಯೆಟ್ ತೆಗೆದುಹಾಕಿ ಒಂದು ವರ್ಷದ ಪಿಯುಸಿ, ಆಮೇಲೆ ಮೂರು ವರ್ಷದ ಡಿಗ್ರಿ ಎಂದು ಮಾಡಿದ್ದರು. ನಮ್ಮ ತಂದೆ, ಅಂದರೆ ನಾವು ಅಣ್ಣ ಎಂದು ಕರೆಯುತ್ತಿದ್ದವರು, ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರು. ಈ ಸುಧಾರಣೆಯ ಮಹಾ ಭಕ್ತರು. ಸಾರನ್ನಕ್ಕೆ ಕೈ ಹಾಕುವಾಗ ಪಠ್ಯಕ್ರಮ, ಮಜ್ಜಿಗೆಗೆ ಬರುವಷ್ಟರಲ್ಲಿ ಪರೀಕ್ಷಾ ಪದ್ಧತಿ. ಒಂದು ದಿನ ಹುಳಿಯ ಹೊತ್ತಿಗೆ ಹೊಸ ವಿಷಯ ತೆಗೆದರು.

"ಬೇರೆ ದೇಶದ ಹುಡುಗ್ರು ಸ್ಕಾಲರ್‌ಶಿಪ್ಪಲ್ಲಿ ಬರ್ತಿದಾರೆ. ಬರೀ ಸೀಟ್ ಕೊಟ್ರೆ ಸಾಲದು. ನಮ್ಮ ಜನರ ಮಧ್ಯ ಬದುಕಬೇಕು ಅವ್ರು. ಮನೆ ಕೊಡ್ಬೇಕು."

"ಯಾರ ಮನೆ ಕೊಡೋದು?" ಎಂದರು ಅಜ್ಜಿ ಒಳಗಿನಿಂದ. ಅಣ್ಣನ ತಾಯಿ.

ಅಣ್ಣ ಅಷ್ಟು ದೂರ ಯೋಚನೆ ಮಾಡಿರಲಿಲ್ಲ. ಆದರೆ ಆಡಿದ ಮಾತಿಗೆ ಹಿಂದೆ ಸರಿಯುವ ಜಾತಿಯವರಲ್ಲ. ಹಾಗಾಗಿ ಹದಿನೈದು ದಿನದಲ್ಲಿ ನಮ್ಮ ಮನೆಯ ಹೊರಗಿನ ರೂಮಿಗೆ ಕೀನ್ಯಾದ ಕಮಾವು ಬಂದ. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ. ನನಗಿಂತ ಮೂರು ವರ್ಷ ದೊಡ್ಡವನು. ಅವನ ದೇಶದ ಸರ್ಟಿಫಿಕೇಟನ್ನು ಹೊಸ ಪದ್ಧತಿಯಲ್ಲಿ ಎಲ್ಲಿ ಕೂರಿಸುವುದೆಂದು ಯಾರಿಗೂ ತಿಳಿಯದೆ, ನನ್ನ ಜೊತೆಗೇ ಪಿಯುಸಿಗೆ ಕೂರಿಸಿದ್ದರು. ಒಂದೇ ಒಂದು ವಿಷಯದಲ್ಲಿ ಹೋದರೂ ಸ್ಕಾಲರ್‌ಶಿಪ್ ರದ್ದು, ವಾಪಸ್ ಹಡಗು. ಎಂಜಿನಿಯರ್ ಆಗಿ ತನ್ನ ಊರಿನ ನದಿಗೆ ಸೇತುವೆ ಕಟ್ಟಬೇಕೆಂಬುದು ಅವನ ಆಸೆ. ಮಳೆಗಾಲದಲ್ಲಿ ಆ ನದಿ ದಾಟುವಾಗ ಅವನ ತಮ್ಮ ಕೊಚ್ಚಿಹೋಗಿದ್ದ. ಅದನ್ನು ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ.

ಇಷ್ಟೆಲ್ಲ ಇದ್ದೂ ಆ ಪುಣ್ಯಾತ್ಮ ಎರಡನೇ ಭಾಷೆಗೆ ಏನು ತೆಗೆದುಕೊಂಡ ಅಂತೀರಿ? ಕನ್ನಡ! ಸುಲಭದ ಇಂಗ್ಲಿಷ್ ಇತ್ತು. ಬೇಡವೆಂದ. "ಊಟ ಕೊಡೋರ ಭಾಷೆ ಬರ್ಬೇಕು" ಎಂದು ಇಂಗ್ಲಿಷಿನಲ್ಲೇ ಹೇಳಿದ. ಅಣ್ಣನಿಗೆ ಕಣ್ಣಲ್ಲಿ ನೀರು. ಆದರೆ ಪಾಠ ಹೇಳಲು ಅವರಿಗೆ ಬಿಡುವೆಲ್ಲಿ? ಸುಧಾರಣೆಯ ಸಮಿತಿಗಳೇ ಮೂರಿದ್ದವು. ಪಾಠ ಅಜ್ಜಿಯ ತಲೆಗೆ ಬಂತು.

ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಮೊದಮೊದಲು ಕಮಾವುವಿನ ತಟ್ಟೆ ಬೇರೆ, ಲೋಟ ಬೇರೆ, ಅವನು ಜಗಲಿಯಲ್ಲಿ, ಅಜ್ಜಿ ಹೊಸಲಿನ ಒಳಗೆ. ನನಗೆ ನಾಚಿಕೆಯಾಗಿ ಅವನ ಹತ್ತಿರ ಕ್ಷಮೆ ಕೇಳಲು ಹೋದೆ. ಅವನು ನಕ್ಕ. ಅವನ ಅಜ್ಜಿಯ ಒಲೆಯ ಹತ್ತಿರವೂ ಯಾರೂ ಸುಳಿಯುವ ಹಾಗಿರಲಿಲ್ಲವಂತೆ, ಸುಳಿದರೆ ಕೋಲು. "ನಿಮ್ಮಜ್ಜಿ ವಾಸಿ, ಕೋಲಿಲ್ಲ" ಎಂದ. ನಾನು ಓದಿಕೊಂಡಿದ್ದ ಸಮಾನತೆಯ ಭಾಷಣ ಬಾಯಲ್ಲೇ ಉಳಿಯಿತು. ಅವರಿಬ್ಬರ ಮಧ್ಯದ ಹೊಸಲು ಹೇಗೆ ಸವೆಯಿತೋ ನಾನು ಗಮನಿಸಲೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದ.

ಅಜ್ಜಿಯ ಪಠ್ಯಪುಸ್ತಕ ಯಾವುದು ಗೊತ್ತೇ? ಕಾಗದ. ಅವರಿಗೆ ಕಣ್ಣು ಮಂಜಾಗಿತ್ತು. ತುಮಕೂರು, ಹಾಸನದಲ್ಲಿದ್ದ ಹೆಣ್ಣುಮಕ್ಕಳಿಗೆ ಅವರು ಹೇಳಿ ಬರೆಸುವ ಕಾಗದಗಳ ಗುಮಾಸ್ತ ಮೊದಲು ನಾನೇ ಆಗಿದ್ದೆ. ಅವರು ಹತ್ತು ವಾಕ್ಯ ಹೇಳಿದರೆ ನಾನು ಮೂರು ಬರೆದು ಎದ್ದುಬಿಡುತ್ತಿದ್ದೆ. ಕಮಾವು ಬಂದ ಮೇಲೆ ನನ್ನ ಕೆಲಸ ಹೋಯಿತು, ಖುಷಿಯಾಯಿತು. ಅವನು ಒಂದಕ್ಷರ ಬಿಡದೆ ಬರೆಯುತ್ತಿದ್ದ. ಹಪ್ಪಳ ಕಾಗೆ ಎತ್ತಿಕೊಂಡು ಹೋದದ್ದನ್ನೂ ಬರೆಯುತ್ತಿದ್ದ. ಶುಭ ಸಮಾಚಾರದ ಕಾಗದವಾದರೆ ಕೊನೆಯಲ್ಲಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕಲ್ಲ, ಆಗ ಅಜ್ಜಿ ಬಟ್ಟಲನ್ನು ಅವನ ಕಡೆ ಸರಿಸುತ್ತಿದ್ದರು.

"ನೀನೇ ಹಚ್ಚಪ್ಪ. ನನ್ನ ಕೈಲಿ ಆಗ್ಬಾರ್ದು."

"ಯಾಕಜ್ಜಿ?"

"ಗಂಡ ಹೋದೋಳು ಕಣೋ ನಾನು. ಇಪ್ಪತ್ತೆರಡಕ್ಕೇ ಹೋಯ್ತು ಎಲ್ಲ."

ಅವನು ಬಟ್ಟಲು ಎಳೆದುಕೊಂಡು, "ಸರಿ, ಇದು ನಿಮ್ಮ ಪರವಾಗಿ" ಎಂದು ಒಂದೊಂದೇ ಮೂಲೆಗೆ ಬೆರಳು ಒತ್ತಿದ. ಪ್ರತಿ ಸಲವೂ ಹಾಗೇ ಹೇಳಿ ಹಚ್ಚುತ್ತಿದ್ದ. ನನಗೆ ಅದನ್ನು ನೋಡಿ ನಗು. ನಾನಾಗ ಮಹಾ ಮಾಡರ್ನ್. ನನ್ನ ಆಧುನಿಕತೆಯೆಲ್ಲ ಕ್ರಾಪಿನ ಎಣ್ಣೆಯಲ್ಲೇ ಇತ್ತು ಎಂಬುದು ಈಗ ಗೊತ್ತಾಗುತ್ತದೆ.

ಪರೀಕ್ಷೆ ಬಂತು. ಕನ್ನಡ ಪತ್ರಿಕೆಯ ದಿನ ಅಜ್ಜಿ ನಮ್ಮಿಬ್ಬರಿಗೂ ಪೇಪರಿನ ಚೂರಿನಲ್ಲಿ ಅರಿಶಿನದ ಪೊಟ್ಟಣ ಕಟ್ಟಿಕೊಟ್ಟರು. "ಬರೆದು ಮುಗಿಸಿದ ಮೇಲೆ ನಾಲ್ಕು ಮೂಲೆಗೂ ಹಚ್ಚಿ. ಶುಭವಾಗಲಿ." ನಾನು "ಆಯ್ತಜ್ಜಿ" ಎಂದು ಜೇಬಿಗೆ ಹಾಕಿಕೊಂಡು, ಕಾಲೇಜಿನ ಗೇಟಿನ ಹತ್ತಿರ ಚರಂಡಿಗೆ ಎಸೆದೆ. ಉತ್ತರಪತ್ರಿಕೆಯ ಮೇಲೆ ಯಾವ ಗುರುತೂ ಮಾಡಕೂಡದೆಂದು ಮೊದಲ ಪುಟದಲ್ಲೇ ಅಚ್ಚಾಗಿತ್ತು ಎಂಬುದು ಒಂದು ಕಾರಣ. ಬಿಳೀ ಷರ್ಟಿನ ಜೇಬು ಹಳದಿಯಾದೀತೆಂಬುದು ನಿಜವಾದ ಕಾರಣ.

ಕೊನೆಯ ಗಂಟೆಗೆ ಐದು ನಿಮಿಷ ಇರುವಾಗ, ಎರಡು ಬೆಂಚು ಮುಂದೆ ಕಮಾವು ಪೊಟ್ಟಣ ಬಿಚ್ಚಿ ನಿಧಾನವಾಗಿ ನಾಲ್ಕು ಮೂಲೆಗೂ ಹಚ್ಚುವುದನ್ನು ಕಂಡೆ. ಕೆಮ್ಮಬಹುದಿತ್ತು. ಪೆನ್ನು ಬೀಳಿಸಬಹುದಿತ್ತು. ಪೆದ್ದ, ಎಂದುಕೊಂಡು ಒಳಗೊಳಗೇ ನಕ್ಕೆ.

ಒಂದು ತಿಂಗಳಿಗೆ ಅವನ ಹೆಸರಿಗೆ ನೋಟೀಸು ಬಂತು. ಕನ್ನಡ ಉತ್ತರಪತ್ರಿಕೆಯಲ್ಲಿ ಗುರುತು ಮಾಡಿರುವುದರಿಂದ ಫಲಿತಾಂಶ ತಡೆಹಿಡಿದಿದೆ, ವಿಚಾರಣೆಗೆ ಹಾಜರಾಗತಕ್ಕದ್ದು. ಆ ವರ್ಷ ಕನ್ನಡ ಪತ್ರಿಕೆ ತಿದ್ದುವವರಲ್ಲಿ ಅಣ್ಣನೂ ಒಬ್ಬರು. ಅವನು ಇರುವುದು ಅಣ್ಣನ ಮನೆಯಲ್ಲಿ. ಅಣ್ಣನಿಗೆ ಗುರುತು ಸಿಗಲೆಂದೇ ಹಚ್ಚಿದ್ದಾನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಣ್ಣ ನೋಟೀಸು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟರು. ಗುರುತು ಮಾಡಿದವರನ್ನು ಬಿಡಕೂಡದೆಂದು ಸಮಿತಿಯಲ್ಲಿ ಗಟ್ಟಿಯಾಗಿ ವಾದ ಮಾಡಿದ್ದವರೇ ಅವರು.

"ಅರಿಶಿನ ಹಚ್ಚಿದ್ದಕ್ಕೆ ನೋಟೀಸಾ? ಸೀಮೆಎಣ್ಣೆ ಹಚ್ಚಿದ್ನೇನೋ ಅವ್ನು?" ಎಂದರು ಅಜ್ಜಿ.

"ನಿಂಗೆ ಅರ್ಥ ಆಗಲ್ಲಮ್ಮ. ನಾನು ಹೋದ್ರೆ ಶಿಫಾರಸು ಅಂತಾರೆ. ನಾನು ಹೋಗೋ ಹಾಗಿಲ್ಲ."

"ನೀನ್ಯಾಕೆ ಹೋಗ್ತೀಯ? ಹೇಳ್ಕೊಟ್ಟೋಳು ನಾನು. ನಾನು ಹೋಗ್ತೀನಿ."

ಮದುವೆ ಮುಂಜಿಗಳಿಗೂ ಹೋಗದೆ ಮನೆಯಲ್ಲೇ ಇದ್ದ ನಮ್ಮ ಅಜ್ಜಿ ಅವತ್ತು ಕೆಂಪು ಸೀರೆಯ ಸೆರಗು ತಲೆಗೆ ಎಳೆದುಕೊಂಡು ಜಟಕಾ ಹತ್ತಿದರು. ಜೊತೆಗೆ ನಾನು, ಎದುರಿಗೆ ಮಂಕಾಗಿ ಕೂತ ಕಮಾವು. ಅಜ್ಜಿ ಧೈರ್ಯ ಹೇಳುತ್ತಲೇ ಇದ್ದರು. "ಹೆದರ್ಬೇಡ ಕಂದ. ಇವನೂ ಹಚ್ಚಿದಾನಲ್ಲ. ಇವನದ್ದೂ ತೆಗ್ದು ನೋಡ್ಲಿ. ನಮ್ಮನೆ ಪದ್ಧತಿ ಅಂತ ಅವ್ರಿಗೇ ಗೊತ್ತಾಗತ್ತೆ." ಜಟಕಾ ಬಸವನಗುಡಿಯ ಕಾಲೇಜಿನ ಕಡೆ ತಿರುಗುವವರೆಗೂ ಹೇಳಲು ನನಗೆ ಸಮಯವಿತ್ತು. ಕುದುರೆಯ ಬಾಲ ನೋಡುತ್ತ ಕೂತಿದ್ದೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ವಿಶ್ವವಿದ್ಯಾನಿಲಯದಿಂದ ಬಂದ ಅಧಿಕಾರಿ ಕೂತಿದ್ದರು. ಮುಂದೆ ನಮ್ಮ ಕೇಂದ್ರದ ಉತ್ತರಪತ್ರಿಕೆಗಳ ಕಟ್ಟು. ಅಜ್ಜಿಗೆ ಕುರ್ಚಿ ತೋರಿಸಿದರು, ಮಡಿಯವರು, ಕೂರಲಿಲ್ಲ.

"ಯಾಕಪ್ಪ ಹಚ್ಚಿದೆ?"

"ಒಳ್ಳೇ ಸಮಾಚಾರದ ಕಾಗದಕ್ಕೆ ಹಚ್ತಾರೆ ಸಾರ್" ಎಂದ ಕಮಾವು.

"ಹೇಳ್ಕೊಟ್ಟಿದ್ದು ನಾನು ಸ್ವಾಮಿ. ಫೇಲ್ ಮಾಡೋದಾದ್ರೆ ನನ್ನನ್ನ ಮಾಡಿ" ಎಂದರು ಅಜ್ಜಿ. "ಇದರಲ್ಲಿ ಮೋಸ ಏನೂ ಇಲ್ಲ. ನನ್ನ ಮೊಮ್ಮಗನಿಗೂ ಕೊಟ್ಟಿದ್ದೆ. ಅವನ ಕಾಗದ ತೆಗೀರಿ, ಅದರಲ್ಲೂ ಇರತ್ತೆ."

ಅಧಿಕಾರಿ ನನ್ನ ನಂಬರ್ ಕೇಳಿ ಕಟ್ಟು ಬಿಚ್ಚಿದರು. ನನ್ನ ಉತ್ತರಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಮೂಲೆಯೂ ಬೆಳ್ಳಗಿತ್ತು.

ಅಜ್ಜಿ ಮುಖ ಹತ್ತಿರ ತಂದು ನೋಡಿದರು. ಮಂಜುಗಣ್ಣು, ಕಾಣುತ್ತಿಲ್ಲವೆಂದುಕೊಂಡು ಬೆರಳಿನಿಂದ ಮೂಲೆ ಸವರಿ, ಬೆರಳನ್ನು ಮೂಸಿದರು. ಆ ನೋಟವನ್ನು ನನಗೆ ಈಗಲೂ ತಡೆದುಕೊಳ್ಳಲು ಆಗುವುದಿಲ್ಲ.

"ಈ ಪೇಪರಲ್ಲಿ ಇಲ್ವಲ್ಲ ತಾಯಿ. ಅವನೊಬ್ಬನದರಲ್ಲೇ ಇರೋದು" ಎಂದರು ಅಧಿಕಾರಿ. ದನಿ ಗಟ್ಟಿಯಾಗಿತ್ತು.

"ನಂಗೂ ಕೊಟ್ಟಿದ್ರು ಸಾರ್" ಎಂದೆ. "ನಾನು ಹಚ್ಚಲಿಲ್ಲ. ಗೇಟ್ ಹತ್ರ ಚರಂಡಿಗೆ ಎಸ್ದೆ. ಅಜ್ಜಿಗೆ ಗೊತ್ತಿಲ್ಲ."

ಅಧಿಕಾರಿ ಕಮಾವುವಿನ ಕಡೆ ತಿರುಗಿದರು. "ಇವನು ಎಸೆದದ್ದು ನಿನಗೆ ಗೊತ್ತಿತ್ತಾ?"

"ಇಲ್ಲ ಸಾರ್."

ಅವರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಕಳ್ಳ ಗುರುತು ಮಾಡೋನು ಒಂದು ಚುಕ್ಕೆ ಇಡ್ತಾನೆ. ಹೀಗೆ ನಾಲ್ಕೂ ಮೂಲೆಗೆ ಬಳಿಯಲ್ಲ. ಅಜ್ಜಿ ಎದುರಿಗೆ ಇವನು ಹೇಳಿದ್ದೂ ಸುಳ್ಳಿರಲಾರದು. ನಡೀರಿ ತಾಯಿ, ಈ ಪೇಪರನ್ನ ಬೇರೆಯವರ ಹತ್ರ ತಿದ್ದಿಸ್ತೀನಿ" ಎಂದು ಬರೆದುಕೊಂಡರು. ಕಮಾವು ಪಾಸಾದ. ಕನ್ನಡದಲ್ಲಿ ನನಗಿಂತ ಹದಿನಾಲ್ಕು ಅಂಕ ಹೆಚ್ಚು.

ಜಟಕಾದಲ್ಲಿ ವಾಪಸ್ ಬರುವಾಗ ಅಜ್ಜಿ ಮೆಲ್ಲಗೆ, "ಬೇಡ ಅಂತ ಹೇಳ್ಬಹುದಿತ್ತಲ್ಲೋ. ನಾನೇನು ಬೈತಿದ್ನಾ?" ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮನೆಗೆ ಬಂದು ಎಂದಿನಂತೆ ಮೊದಲ ತುತ್ತು ನನಗೇ ಕಲಸಿ ಕೊಟ್ಟರು.

ಸಂಜೆ ಹೊರಗಿನ ರೂಮಿಗೆ ಹೋಗಿ ಕಮಾವುವಿನ ಮೇಲೆ ರೇಗಿದೆ. ತಪ್ಪು ಮಾಡಿದವರಿಗೆ ಬರುವ ಸಿಟ್ಟು ಅದು. "ಗುರುತು ಮಾಡ್ಬೇಡಿ ಅಂತ ಮೊದಲ ಪುಟದಲ್ಲೇ ಇತ್ತಲ್ಲ, ಓದೋಕೆ ಬರಲ್ವಾ ನಿಂಗೆ?"

"ಓದಿದ್ದೆ" ಎಂದ. "ಮೂರು ಸಲ."

"ಮತ್ತೆ?"

"ನೀನು ಗೇಟ್ ಹತ್ರ ಎಸೆದಿದ್ದು ನೋಡಿದೆ. ಅಜ್ಜಿ ಕೈಲಿ ಹಚ್ಚೋ ಹಾಗಿಲ್ಲ. ನೀನು ಹಚ್ಚಲ್ಲ. ನಾನೂ ಎಸೆದ್ರೆ ಅಜ್ಜಿ ಪರವಾಗಿ ಹಚ್ಚೋರು ಯಾರು?"

ಅಧಿಕಾರಿಯ ಮುಂದೆ "ಇಲ್ಲ ಸಾರ್" ಎಂದವನು ಅವನೇ. ನೋಡಿದ್ದೆ ಎಂದು ಒಂದು ಮಾತು ಹೇಳಿದ್ದರೆ ಅವನಿಗೆ ಸಾಕ್ಷಿಯಾಗುತ್ತಿತ್ತು, ಹೇಳಲಿಲ್ಲ. ನಾನಾಗಿಯೇ ತಪ್ಪೊಪ್ಪಿಕೊಂಡ ಹಾಗೆ ಅಜ್ಜಿಗೆ ಕಾಣಲಿ ಎಂದು ಬಿಟ್ಟನಂತೆ. ಚಾಪೆ ಮೇಲೆ ಅವನ ಪಕ್ಕ ಕೂತೆ, ಅಷ್ಟೆ.

ಅವನು ಎಂಜಿನಿಯರ್ ಆದ, ಸ್ವತಂತ್ರವಾದ ತನ್ನ ದೇಶಕ್ಕೆ ಹೋದ. ನಾನು ಉಪನ್ಯಾಸಕನಾಗಿ, ನಿವೃತ್ತನಾಗಿ, ಮೊನ್ನೆ ಹದಿನೈದು ರೂಪಾಯಿಗೆ ಕೊತ್ತಂಬರಿ ಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದು ವಿಷಯ ಕೊರೆಯುತ್ತಿತ್ತು. ಈ ಕತೆಯನ್ನು ನಾನು ಯಾರಿಗೂ ಹೇಳಿಲ್ಲವೆಂದಲ್ಲ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಲಾಲ್‌ಬಾಗಿನ ವಾಕಿಂಗ್ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಆಫ್ರಿಕಾದಿಂದ ಬಂದ ಪೆದ್ದನೊಬ್ಬ ಪರೀಕ್ಷೆ ಪೇಪರಿಗೆ ಅರಿಶಿನ ಹಚ್ಚಿ ಸಿಕ್ಕಿಬಿದ್ದ ತಮಾಷೆ ಎಂದು. ಅಜ್ಜಿ "ನನ್ನನ್ನ ಫೇಲ್ ಮಾಡಿ" ಎಂದಲ್ಲಿಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಅದರ ಮುಂದಿನದನ್ನು ಹೇಳಿದ್ದು ನಿಮಗೇ ಮೊದಲು.